ಹೊರೆ ವಾಲುವುದಿಲ್ಲ

ಬೆಳಿಗ್ಗೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸುವಾಗಲೇ ನನಗೆ ಆವತ್ತಿನ ದಿನ ಹೇಗಿರುತ್ತದೆಂದು ಗೊತ್ತಾಗಿಬಿಡುತ್ತದೆ. ಗಾಡಿ ತಾನಾಗಿ ಮುಂದಕ್ಕೆ ಜಾರಿ ಕೈಗೆ ಬಂದರೆ ಪರವಾಗಿಲ್ಲ. ಸೊಂಟ ಕೊಟ್ಟು ನೂಕಬೇಕಾಗಿ ಬಂತೋ, ಮುಗಿಯಿತು, ಸಂಜೆಯವರೆಗೂ ಅದು ನನ್ನ ಜೀವ ಹಿಂಡುತ್ತದೆ. ಈಚೆಗಂತೂ ದಿನಾ ನೂಕುವುದೇ ಆಗಿದೆ.

“ಈ ಗಾಡಿ ದಪ್ಪ ಆಗ್ತಿದೆ ಕಣೋ,” ಅಂದೆ ಒಂದು ದಿನ ಮಡಂಡಾನಿಗೆ. ಅವನು ನಮ್ಮ ಸ್ಟೇಜಿನಲ್ಲಿ ನನ್ನ ಪಕ್ಕದಲ್ಲೇ ಗಾಡಿ ನಿಲ್ಲಿಸುವವನು. ವಯಸ್ಸಿನಲ್ಲಿ ಚಿಕ್ಕವನು, ಬಾಯಲ್ಲಿ ದೊಡ್ಡವನು.

“ಗಾಡಿ ದಪ್ಪ ಆಗಿಲ್ಲ ವಾಮಿಂಬಿಯಣ್ಣ, ನೀನು ಸವೆದಿದೀಯ. ಟೈರ್ ಬದಲಾಯಿಸ್ತೀಯಲ್ಲ, ಹಾಗೆ ಒಂದ್ಸಲ ನಿನ್ನನ್ನೇ ಬಿಚ್ಚಿಸಿ ಬದಲಾಯಿಸ್ಕೊ.”

ಬಡ್ಡಿಮಗ. ಆದರೆ ಸುಳ್ಳು ಹೇಳಲಿಲ್ಲ. ಕ್ಲಚ್ ಹಿಡಿಯುವ ಎಡಗೈ ರಾತ್ರಿ ಊಟದ ಹೊತ್ತಿಗೆ ಮುಷ್ಟಿ ಬಿಚ್ಚುವುದಿಲ್ಲ. ಸೊಂಟದ ಕೆಳಗೆ ಒಂದು ನೋವು ಬಂದು ಬಾಡಿಗೆದಾರನ ಹಾಗೆ ಕೂತಿದೆ, ಬಿಟ್ಟುಹೋಗು ಅಂದರೆ ಹೋಗುವುದಿಲ್ಲ. ಎಂಬಾಲೆ ಪಟ್ಟಣ ಮುಗಿದು ಬೆಟ್ಟದ ದಾರಿ ಶುರುವಾಗುವ ಕಡೆ, ಹಲಸಿನ ಮರದ ಕೆಳಗೆ ನಮ್ಮ ಬೋಡಾ ಸ್ಟೇಜು, ಅಂದರೆ ಬಾಡಿಗೆ ಬೈಕುಗಳು ನಿಲ್ಲುವ ಜಾಗ. ಅಲ್ಲಿಂದ ಮೇಲಕ್ಕೆ ಜನರನ್ನೂ ಸಾಮಾನನ್ನೂ ಬೈಕಿನ ಮೇಲೆ ಹೊತ್ತು ಹೊತ್ತು ನನ್ನ ವಯಸ್ಸು ಕಳೆದಿದೆ. ಸಾಕಪ್ಪಾ ಸಾಕು ಅನ್ನಿಸುತ್ತದೆ. ಮರುದಿನ ಮತ್ತೆ ನೂಕುತ್ತೇನೆ.

ನಮ್ಮ ಕೆಲಸದಲ್ಲಿ ಎರಡೇ ಜಾತಿ. ಒಂದು ಪ್ಯಾಸೆಂಜರು, ಇನ್ನೊಂದು ಹೊರೆ. ಹೊರೆಯನ್ನು ಕಟ್ಟುತ್ತೇವೆ, ಪ್ಯಾಸೆಂಜರನ್ನು ಕಟ್ಟುವುದಿಲ್ಲ. ಮತೋಕೆ ಬಾಳೆಗೊನೆಗಳನ್ನು ಎರಡೂ ಪಕ್ಕಕ್ಕೆ ಬಿಗಿದು ಕಟ್ಟಿದರೆ ಹ್ಯಾಂಡಲ್ ಕಲ್ಲಾಗುತ್ತದೆ, ಆದರೆ ಗೊನೆಗೆ ತನ್ನದೇ ಬುದ್ಧಿ ಇರುವುದಿಲ್ಲ. ಮನುಷ್ಯನಿಗೆ ಇರುತ್ತದೆ, ಅಲ್ಲೇ ತೊಂದರೆ. ಹೆದರಿದವರು ತಿರುವಿನಲ್ಲಿ ನಾನು ಈ ಕಡೆ ವಾಲಿದರೆ ಅವರು ಆ ಕಡೆ ವಾಲುತ್ತಾರೆ. ಕುಡಿದವನು ವಾಲುವುದೇನೋ ವಾಲುತ್ತಾನೆ, ತಿರುವು ದಾಟಿದ ಮೇಲೆ. ನಿದ್ದೆ ಹೋದವನು ಇನ್ನೂ ತಡ. ಜಗಳವಾಡಿದ ಗಂಡ ಹೆಂಡತಿ ಹಿಂದೆ ಕೂತರೆ ಗಾಡಿ ನಡುವೆ ಸೀಳಿಹೋಗುತ್ತದೇನೋ ಅನ್ನಿಸುತ್ತದೆ. ನಾನು ಹಿಂದೆ ತಿರುಗಿ ನೋಡಬೇಕಾಗಿಲ್ಲ. ಸೀಟಿನಿಂದ, ಸೊಂಟದಿಂದ, ಮಣಿಕಟ್ಟಿನಿಂದ ಎಲ್ಲ ತಿಳಿಯುತ್ತದೆ. ಬಾಯಿ ಸುಳ್ಳು ಹೇಳಬಹುದು, ಭಾರ ಹೇಳುವುದಿಲ್ಲ ಅಂತ ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಇದನ್ನೆಲ್ಲ ನನಗೆ ಕಲಿಸಿದವರು ವೊಬೊಯಾ. ಬುನಬೊಕೊ ಊರಿನವರು. ಆ ಬೆಟ್ಟಕ್ಕೆ ಮೊದಲು ಬೈಕ್ ಹತ್ತಿಸಿದವರು ಅವರೇ, ನಮ್ಮ ಸ್ಟೇಜು ಕಟ್ಟಿದವರೂ ಅವರೇ. ಕಲಿಸಿ ಅಂತ ನಾನು ಹೋದಾಗ ಹ್ಯಾಂಡಲ್ ಮುಟ್ಟಲು ಬಿಡಲಿಲ್ಲ. “ಮೊದ್ಲು ಹಿಂದೆ ಕೂರೋದು ಕಲಿ. ಹಿಂದೆ ಕೂರಕ್ಕೆ ಬರ್ದಿರೋನು ಮುಂದೆ ಕೂತು ಏನು ಕಿಸಿತಾನೆ?” ಅಂತ ಒಂದು ಇಡೀ ಕಾಫಿ ಕೊಯ್ಲು ತಮ್ಮ ಹಿಂದೆ ಕೂರಿಸಿಕೊಂಡು ತಿರುಗಾಡಿಸಿದರು.

ಅವರ ಓಡಿಸುವ ರೀತಿ ಬೇರೆ ಯಾರಲ್ಲೂ ಇರಲಿಲ್ಲ. ನಾವೆಲ್ಲ ತಿರುವು ಬಂದಾಗ ವಾಲುತ್ತೇವೆ. ಅವರು ದಾರಿ ಇನ್ನೂ ನೆಟ್ಟಗೆ ಕಾಣುತ್ತಿರುವಾಗಲೇ, ಒಂದಿಷ್ಟು ಮೊದಲೇ, ಮೆತ್ತಗೆ ವಾಲಿಬಿಡುತ್ತಿದ್ದರು. ಹಿಂದೆ ಕೂತ ನನಗೆ ಬಿದ್ದೇಹೋದೆವು ಅನ್ನಿಸುತ್ತಿತ್ತು. ಅಷ್ಟರಲ್ಲಿ ತಿರುವು ಬಂದು, ಗಾಡಿ ಅದರೊಳಕ್ಕೆ ಸಲೀಸಾಗಿ ಇಳಿದು, ಆಚೆ ಎದ್ದು ನಿಲ್ಲುತ್ತಿತ್ತು. “ತಿರುವಿಗೆ ಬಂದ್ಮೇಲೆ ಹೇಳಿದ್ರೆ ಗಾಡಿಗೆ ಗಾಬರಿ ಆಗುತ್ತೆ ಕಣೋ. ಮೊದ್ಲೇ ಕಿವಿಮಾತು ಹೇಳ್ಬಿಡು,” ಅನ್ನುತ್ತಿದ್ದರು. ನಾನು ಎಷ್ಟು ತಿಣುಕಿದರೂ ನನಗದು ಬರಲಿಲ್ಲ. ಸ್ಟೇಜಿನಲ್ಲಿ ಯಾರಿಗೂ ಬರಲಿಲ್ಲ.

ಸ್ಟೇಜಿನ ಕಟ್ಟಳೆ ಮಾಡಿದವರೂ ಅವರೇ. ಒಮ್ಮೆ ನಮ್ಮವನೊಬ್ಬ, ಒಳ್ಳೆಯ ಹುಡುಗ, ಸತ್ತವರೊಬ್ಬರನ್ನು ಬದುಕಿದವರ ಹಾಗೆ ಹಿಂದೆ ಕೂರಿಸಿಕೊಂಡು ಬೆಟ್ಟ ಹತ್ತಿದ. ಕಮರಿಯ ತಿರುವಿನಲ್ಲಿ ಅವನು ವಾಲಿದ, ಹೆಣ ವಾಲಲಿಲ್ಲ. ಗಾಡಿ ನೆಟ್ಟಗೆ ಹೋಯಿತು. ಅವನನ್ನು ಮೇಲೆ ತರಲು ಹಗ್ಗ ಬಿಟ್ಟವರಲ್ಲಿ ನಾನೂ ಇದ್ದೆ. ಅವತ್ತು ವೊಬೊಯಾ ಹಲಸಿನ ಮರದ ಕೆಳಗೆ ನಿಂತು ಹೇಳಿದರು, ಸತ್ತವರು ಇನ್ನು ಮೇಲೆ ಪ್ಯಾಸೆಂಜರಲ್ಲ, ಹೊರೆ. ಚಾಪೆಯಲ್ಲಿ ಸುತ್ತಿ, ಹಲಗೆಗೆ ಹಾಕಿ, ಬಾಳೆನಾರಿನಲ್ಲಿ ಬಿಗಿದು ಕಟ್ಟಿ ಒಯ್ಯಬೇಕು. ಒಯ್ದ ಗಾಡಿಯನ್ನು ತೊಳೆದು, ಮುಂದಿನ ಅಮಾವಾಸ್ಯೆಯವರೆಗೆ ಮೂಲೆಯಲ್ಲಿ ನಿಲ್ಲಿಸಬೇಕು. ಕೂರಿಸಿಕೊಂಡು ಒಯ್ದವನಿಗೆ ಸ್ಟೇಜಿನಲ್ಲಿ ಜಾಗವಿಲ್ಲ. ಆಮೇಲೆ ಯಾರೂ ಮೀರಲಿಲ್ಲ.

ಮೊನ್ನೆ ಮಧ್ಯಾಹ್ನ ನಾನು ಚಪಾತಿ ತಿಂದು ಗಾಡಿಯ ಮೇಲೆಯೇ ಅಡ್ಡಾಗಿದ್ದೆ. ಕಣ್ಣು ಬಿಟ್ಟರೆ ನಫುನಾ ಬರುತ್ತಿದ್ದಾಳೆ. ವೊಬೊಯಾ ಅವರ ಮಗಳು, ಎಂಬಾಲೆ ಸಂತೆಯಲ್ಲಿ ಈರುಳ್ಳಿ ಮಾರುವವಳು. ಈರುಳ್ಳಿ ಮೂಟೆ ಎತ್ತಿ ಎತ್ತಿ ಅಗಲವಾದ ಹೆಗಲು. ಬೆನ್ನಿಗೆ ಏನನ್ನೋ ಕಂಬಳಿಯಲ್ಲಿ ಕಟ್ಟಿಕೊಂಡಿದ್ದಳು. ಮಗುವೇನೋ ಅಂದುಕೊಂಡೆ. ಹತ್ತಿರ ಬಂದು ಬೆಂಚಿನ ಮೇಲೆ ಇಳಿಸಿದ ಮೇಲೆ ನೋಡುತ್ತೇನೆ, ಅವಳ ಅಪ್ಪ.

ಅಯ್ಯೋ ದೇವರೇ. ಆ ಮನುಷ್ಯ ನಿಂತರೆ ಗಾಡಿ ಚಿಕ್ಕದಾಗಿ ಕಾಣುತ್ತಿತ್ತು. ಈಗ ಕಂಬಳಿಯೊಳಗೆ ಮೂಗು, ಕಣ್ಣು, ಒಂದಿಷ್ಟು ಮೂಳೆ.

“ಆಸ್ಪತ್ರೆಯವರು ಇನ್ನು ಮನೆಯೇ ವಾಸಿ ಅಂದ್ರು ಅಣ್ಣ,” ಅಂದಳು ನಫುನಾ. “ಅವ್ವ ಊರಲ್ಲಿ ಕಾಯ್ತಿದಾಳೆ. ಜೀವ ಇರೋವಾಗ್ಲೇ ಮುಟ್ಟಿಸ್ಬೇಕು.”

ಕಾರು ಹೋಗುವಂತಿಲ್ಲ. ಹೋದ ಮಳೆಗೆ ಗುಡ್ಡ ಕುಸಿದು ದಾರಿ ಅರ್ಧಕ್ಕರ್ಧ ಕಮರಿಗೆ ಹೋಗಿದೆ. ಅದರಾಚೆ ಬೈಕು, ಇಲ್ಲವೇ ಕಾಲು. ಸುತ್ತ ನೋಡಿದೆ. ಸ್ಟೇಜಿನಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ಕೆಲಸ ಬಂದಿತ್ತು. ಸಾಯುವವರನ್ನು ಹತ್ತಿಸಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ, ದಾರಿಯಲ್ಲಿ ಹೋಗಿಬಿಟ್ಟರೆ ಗಾಡಿ ಅಮಾವಾಸ್ಯೆಯವರೆಗೆ ನಿಲ್ಲುತ್ತದಲ್ಲ. ಮಡಂಡಾ ಚೆನ್ನಾಗಿದ್ದ ಪ್ಲಗ್ಗನ್ನು ಬಿಚ್ಚಿ ಊದುತ್ತಿದ್ದ.

ಮುದುಕರು ನನ್ನ ಕಡೆ ಕಣ್ಣು ತಿರುಗಿಸಿದರು. “ಇನ್ನೂ ಇದೇ ಗಾಡಿನಾ ಓಡಿಸ್ತೀಯ?”

“ಇನ್ನೂ ಇದೇ ನಾನು, ಯಜಮಾನ್ರೆ.”

“ಎರಡೂ ಗುಜರಿಗೆ ಹಾಕೋ ಹಾಗಿವೆ.” ನಗಲು ಹೋಗಿ ಕೆಮ್ಮಿದರು. ಕೆಮ್ಮು ಇಳಿದ ಮೇಲೆ ನನ್ನ ತೋಳು ಹಿಡಿದರು. ಹಿಡಿತದಲ್ಲಿ ಏನೂ ಇರಲಿಲ್ಲ. “ವಾಮಿಂಬಿ, ನನ್ನ ಹೊರೆ ಮಾಡ್ಬೇಡ ಕಣೋ. ಎಷ್ಟು ಜನರನ್ನ ನಾನೇ ಕಟ್ಟಿದೀನಿ. ಬಾಳೆನಾರು ಬಿಗಿಯೋವಾಗ ಕರಕರ ಅನ್ನುತ್ತೆ ನೋಡು, ಆ ಸದ್ದು ಕಿವಿಯಿಂದ ಹೋಗಿಲ್ಲ. ನಮ್ಮ ಮುದುಕಿ ಬಾಗಿಲಲ್ಲಿ ನಿಂತು ನೋಡ್ತಿರ್ತಾಳೆ. ಕೂತ್ಕೊಂಡು ಹೋಗ್ಬೇಕು ನಾನು. ತಿಳೀತಾ?”

ತಿಳಿಯಿತು ಅಂದೆ. ಮತ್ತೇನು ಅನ್ನಲಿ? ಆ ಹೊತ್ತಿಗೆ ನನ್ನ ಸೊಂಟ ಹರಿದುಹೋಗುವಂತೆ ನೋಯುತ್ತಿತ್ತು, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು. ಆದರೆ ಅವರಿಗೆ ಇಲ್ಲ ಅನ್ನಲು ನನಗೆ ಬಾಯಿ ಎಲ್ಲಿದೆ?

ನಫುನಾಳನ್ನು ಮರದ ಹಿಂದಕ್ಕೆ ಕರೆದೆ. “ನೋಡಮ್ಮ, ಒಂದು ಮಾತು ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡ. ನಡುವೆ ಅವರನ್ನ ಕೂರಿಸಿ ನೀನು ಹಿಂದಿಂದ ಹಿಡ್ಕೊ. ದಾರೀಲಿ ಏನಾದ್ರೂ ಆದ್ರೆ ನನಗೆ ಹೇಳು. ನೀನು ಹೇಳ್ದಿದ್ರೂ ನನಗೆ ಗೊತ್ತಾಗುತ್ತೆ. ಸತ್ತೋರು ವಾಲಲ್ಲ. ಒಂದು ತಿರುವು ಸಾಕು ನನಗೆ. ಅಲ್ಲೇ ನಿಲ್ಲಿಸ್ತೀನಿ, ಅಲ್ಲೇ ಬಾಳೆನಾರು ಕೊಯ್ದು ಕಟ್ತೀನಿ. ನನ್ನ ಜೀವದ ಪ್ರಶ್ನೆ, ನಿನ್ನ ಜೀವದ ಪ್ರಶ್ನೆ. ಕಟ್ಟಳೆ ಮಾಡಿದೋರು ನಿಮ್ಮಪ್ಪನೇ.”

“ನೀನು ಮುಂದಿನದು ನೋಡ್ಕೊ ಅಣ್ಣ. ಹಿಂದಿನದು ನನಗೆ ಬಿಡು,” ಅಂದಳು.

ಜಾಕೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡೆ. ನಾವೆಲ್ಲ ಹಾಗೆಯೇ ಹಾಕುವುದು, ಎದೆಗೆ ಗಾಳಿ ಹೊಡೆಯದಿರಲಿ ಅಂತ. ಗುಂಡಿಗಳೆಲ್ಲ ಬೆನ್ನಿಗೆ ಬರುತ್ತವೆ, ಅರ್ಧ ತೆರೆದೇ ಇರುತ್ತವೆ. ಮುದುಕರನ್ನು ಮಗುವಿನ ಹಾಗೆ ಎತ್ತಿ ಕೂರಿಸಿದಳು. ಅವಳು ಹತ್ತಿದಾಗ ಹಿಂದಿನ ಶಾಕ್ ಅಬ್ಸಾರ್ಬರು ನರಳಿ ಕೆಳಗಿಳಿಯಿತು. ಮುದುಕರು ಹತ್ತಿದಾಗ ಅದಕ್ಕೆ ಏನೂ ಗೊತ್ತಾಗಿರಲಿಲ್ಲ.

ಹೊರಟೆವು. ಮೂವರು ಕೂತು ಏರು ಹತ್ತುವುದೆಂದರೆ ಮುಂದಿನ ಚಕ್ರಕ್ಕೆ ನೆಲ ಬೇಡವಾಗುತ್ತದೆ. ಹ್ಯಾಂಡಲ್ ಕೈಯಲ್ಲಿದ್ದೂ ಇಲ್ಲದ ಹಾಗೆ ತೇಲುತ್ತದೆ. ಅದಕ್ಕೆ ನಾನು ಮುಂದಕ್ಕೆ ಸರಿದು ಟ್ಯಾಂಕಿನ ಮೇಲೆಯೇ ಕೂತೆ. ಬೆನ್ನ ಮೇಲೆ ಮುದುಕರ ಎದೆ, ಅದರ ಹಿಂದೆ ಅವಳ ಭಾರ. ಎರಡನೇ ಗೇರಿನಲ್ಲಿ ಎಂಜಿನ್ ಗೋಗರೆಯಿತು. ಮೊದಲ ತಿರುವು ಬಂತು. ಬರುವ ಮೊದಲೇ ನನ್ನ ಎಡ ಸೊಂಟಕ್ಕೆ ಮೆತ್ತಗೆ ಒಂದು ಒತ್ತು ಬಿತ್ತು.

ನನಗೆ ನಗು ಬಂತು. “ಏನ್ ಯಜಮಾನ್ರೆ, ಹಿಂದೆ ಕೂತ್ಕೊಂಡೂ ನೀವೇ ಓಡಿಸ್ತೀರಾ?”

“ನೀನು ತಡ ಮಾಡ್ತೀಯಲ್ಲೋ ಮುಠ್ಠಾಳ,” ಅಂದರು ಬೆನ್ನ ಹಿಂದಿನಿಂದ.

ಅಲ್ಲಿಂದ ಮುಂದೆ ಪ್ರತಿ ತಿರುವಿಗೂ ಹಾಗೆಯೇ. ನಾನು ನೋಡುವ ಮೊದಲೇ ಅವರು ಹೇಳುತ್ತಿದ್ದರು. ಅವರ ಮೈಯಲ್ಲಿ ಭಾರವೇ ಇರಲಿಲ್ಲ, ಆದರೂ ಎಲ್ಲಿ ಒತ್ತಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ಗಾಡಿ ನನ್ನ ಮಾತು ಬಿಟ್ಟು ಅವರ ಮಾತು ಕೇಳತೊಡಗಿತು. ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಇಷ್ಟು ಕಾಲ ನಾನು ತಿದ್ದಿ ತೀಡಿ ಇಟ್ಟುಕೊಂಡ ಗಾಡಿ!

ನಡುವೆ ದಾರಿ ಹೊಳೆಗೆ ಇಳಿಯುತ್ತದೆ. ಇಳಿಜಾರಿನಲ್ಲಿ ನಾವು ಎಂಜಿನ್ ಆರಿಸಿಬಿಡುತ್ತೇವೆ, ಪೆಟ್ರೋಲ್ ಉಳಿಯಲಿ ಅಂತ. ಆರಿಸಿದೆ. ಟೈರು ಮಣ್ಣಿನ ಮೇಲೆ ಉರುಳುವ ಸದ್ದು, ಗಾಳಿ, ಮತ್ತೆ ನನ್ನ ಕಿವಿಯ ಹತ್ತಿರವೇ ಮುದುಕರ ಉಸಿರು. ಗರಗರ ಎಳೆಯುವ ಉಸಿರು. ಎರಡೂ ಭಾರ ನನ್ನ ಬೆನ್ನ ಮೇಲೆ ಜಾರಿ, ನನ್ನ ಮಣಿಕಟ್ಟುಗಳು ಹ್ಯಾಂಡಲಿಗೆ ಹೂತುಹೋದವು. ಇಳಿಜಾರು ಅಂದರೆ ಸುಖ ಅಂದುಕೊಳ್ಳುತ್ತಾರೆ ಗೊತ್ತಿಲ್ಲದವರು. ಏರಿನಲ್ಲಿ ಗಾಡಿಗೆ ಕಷ್ಟ, ಇಳಿಜಾರಿನಲ್ಲಿ ಓಡಿಸುವವನಿಗೆ.

“ಹೊಳೆ ಬಂತಾ?” ಅಂದರು ಮುದುಕರು.

“ಬಂತು.”

“ಕಳಲೆ ವಾಸನೆ ಬರ್ತಿದೆ. ಮುದುಕಿ ಮಲೆವಾ ಮಾಡ್ತಿದಾಳೆ.”

ಬುನಬೊಕೊ ಇನ್ನೂ ಎಷ್ಟೋ ಮೇಲಿತ್ತು. ಹೊಗೆಯಲ್ಲಿ ಒಣಗಿಸಿದ ಕಳಲೆಯ ಆ ಪಲ್ಯದ ವಾಸನೆ ಇಲ್ಲಿಗೆ ಬರುವ ಮಾತೇ ಇಲ್ಲ. “ಹೌದು, ಬರ್ತಿದೆ,” ಅಂದೆ.

ಮರದ ದಿಮ್ಮಿಗಳ ಸೇತುವೆ ದಾಟಿದೆವು. ಗಾಡಿ ಗಡಗಡ ಅಲುಗಿತು. ಆಚೆ ದಡದಲ್ಲಿ ಎಂಜಿನ್ ಹಚ್ಚಿ ಮತ್ತೆ ಏರಿಗೆ ಬಿಟ್ಟೆ. ಎಂಜಿನ್ ಸದ್ದಿನಲ್ಲಿ ಉಸಿರಿನ ಸದ್ದು ಮುಚ್ಚಿಹೋಯಿತು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಏನೋ ಸರಿದಾಡಿತು. ತೆರೆದ ಗುಂಡಿಗಳ ನಡುವೆ ಎರಡು ಕೈಗಳು ಜಾಕೆಟ್ಟಿನೊಳಗೆ ತೂರಿ ನನ್ನ ಅಂಗಿಗೆ ಅಂಟಿಕೊಂಡವು. ತಣ್ಣಗಿದ್ದವು.

“ಚಳಿನಾ ಯಜಮಾನ್ರೆ? ಒಳಗೇ ಇಟ್ಕೊಳ್ಳಿ,” ಅಂದೆ.

ಉತ್ತರ ಬರಲಿಲ್ಲ. “ಹೇಗಿದಾರಮ್ಮ?” ಅಂತ ಕೂಗಿದೆ.

“ನಿದ್ದೆ ಹತ್ತಿದೆ,” ಅಂದಳು ನಫುನಾ. ಗಾಳಿಗೆ ಅವಳ ದನಿ ಹರಿದುಹೋಯಿತು.

ನಿದ್ದೆ ಅಂದೊಡನೆ ನನ್ನ ಮೈ ಬಿಗಿಯಿತು. ನಿದ್ದೆಯಲ್ಲಿದ್ದವರು ತಡವಾಗಿ ವಾಲುತ್ತಾರೆ, ಮುಂದಿನ ತಿರುವಿನ ಹೊರಬದಿಗೆ ಕಮರಿ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ದಾರಿ ಇನ್ನೂ ನೆಟ್ಟಗಿತ್ತು. ಅಷ್ಟರಲ್ಲೇ, ಬಲ ಸೊಂಟಕ್ಕೆ, ಮೆತ್ತಗೆ, ಅದೇ ಒತ್ತು.

“ನಿದ್ದೆನೂ ಇಲ್ಲ, ಗಿದ್ದೆನೂ ಇಲ್ಲ! ಕಳ್ಳನಿದ್ದೆ! ಮುದುಕ ಹಿಂದಿಂದ ಗಾಡಿ ಓಡಿಸ್ತಿದಾನೆ ಕಣಮ್ಮ!” ಅಂತ ಜೋರಾಗಿ ನಕ್ಕೆ.

ಅವಳೂ ಏನೋ ಸದ್ದು ಮಾಡಿದಳು. ನಗುತ್ತಿದ್ದಾಳೆ ಅಂದುಕೊಂಡೆ.

ಗುಡ್ಡ ಕುಸಿದ ಜಾಗಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಕೆಂಪು ಕೆಸರು, ಅದರ ಮೇಲೆ ಗಾಡಿಗಳು ತುಳಿದು ಮಾಡಿದ ಒಂದು ಗೆರೆಯಷ್ಟು ದಾರಿ. ಎಡಕ್ಕೆ ಏನೂ ಇಲ್ಲ, ಕೆಳಗೆ ಯಾರದೋ ಕಾಫಿ ಗಿಡಗಳ ತಲೆ. ಗೆರೆ ನಡುವೆ ಒಮ್ಮೆ ಒಳಕ್ಕೆ ಸೊಟ್ಟಗೆ ತಿರುಗುತ್ತದೆ. ಇಲ್ಲಿ ಯಾವ ಪ್ಯಾಸೆಂಜರನ್ನೂ ನಾವು ಕೂರಿಸಿಕೊಂಡು ದಾಟುವುದಿಲ್ಲ. ನಿಲ್ಲಿಸಿದೆ. ಕಾಲು ನೆಲಕ್ಕೆ ಕೊಟ್ಟೆ. ಮೈಯೆಲ್ಲ ಹಣ್ಣಾಗಿತ್ತು.

“ಇಳೀಬೇಕಮ್ಮ. ನೀನು ಅವರನ್ನ ಬೆನ್ನಿಗೆ ಹಾಕ್ಕೊಂಡು ನಡಿ, ನಾನು ಗಾಡಿ ದಾಟಿಸ್ತೀನಿ.”

“ಇಳಿಯಲ್ಲ.”

“ಹುಚ್ಚಾ ನಿನಗೆ? ಜಾರಿದ್ರೆ ಮೂರು ಜನಾನೂ ಕಾಫಿ ಗಿಡಕ್ಕೆ ಗೊಬ್ಬರ.”

“ಇಳಿಸಿದ್ರೆ ಮತ್ತೆ ಹತ್ತಿಸಕ್ಕಾಗಲ್ಲ ಅಣ್ಣ. ನಾನು ಹಿಡ್ಕೊಂಡಿದೀನಿ. ಹೋಗು. ನಿನ್ನ ಕಾಲಿಗೆ ಬೀಳ್ತೀನಿ, ಹೋಗು.”

ಅವಳ ದನಿಯಲ್ಲಿ ಏನೋ ಇತ್ತು. ಅಪ್ಪನ ಜೀವ ಎಳೆಯುತ್ತಿದೆ, ಹೊತ್ತು ಕಳೆಯಬಾರದು ಅನ್ನುತ್ತಿದ್ದಾಳೆ ಅಂತ ತಿಳಿದೆ. ಬೈದುಕೊಂಡೇ ಮೊದಲ ಗೇರು ಹಾಕಿದೆ. ಎರಡೂ ಕಾಲು ನೆಲಕ್ಕೆ ಬಿಟ್ಟು, ಕ್ಲಚ್ಚನ್ನು ಅರ್ಧ ಹಿಡಿದು, ಕೆಸರಿಗೆ ಇಳಿದೆ. ಎಡಗೈ ಉರಿಯುತ್ತಿತ್ತು. ಹಿಂದಿನ ಚಕ್ರ ಒಮ್ಮೆ ಕಮರಿಯ ಕಡೆ ಜಾರಿತು. ಎದುರಿಗೆ ಆ ಸೊಟ್ಟ ತಿರುವು. ಇನ್ನು ವಾಲಬೇಕು, ವಾಲಿದರೆ ಜಾರುತ್ತದೆ, ವಾಲದಿದ್ದರೆ ನೆಟ್ಟಗೆ ಹೋಗುತ್ತದೆ. ಯಾವಾಗ, ಯಾವಾಗ ಅನ್ನುವಷ್ಟರಲ್ಲಿ ಆ ಒತ್ತು ಬಂತು. ಬಹಳ ಮೊದಲೇ. ಈಗ ಬೇಡ ಅಂತ ಬಾಯಿಗೆ ಬಂದಿತ್ತು. ಆದರೆ ಮೈ ಆ ಕಾಫಿ ಕೊಯ್ಲನ್ನು ಮರೆತಿರಲಿಲ್ಲ, ತಾನಾಗಿ ಅದರ ಹಿಂದೆ ಹೋಯಿತು. ಗಾಡಿ ಸುಮ್ಮನೆ ಬಗ್ಗಿ, ಗೆರೆಯೊಳಗೆ ಇಳಿದು, ಕೆಸರು ಬಿಟ್ಟು ಗಟ್ಟಿ ನೆಲದ ಮೇಲೆ ಎದ್ದು ನಿಂತಿತು.

ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಕಾಲಕ್ಕೆ ಒಂದೇ ಒಂದು ಸಲ ನನಗದು ಬಂದಿತ್ತು. ಸೊಂಟದ ನೋವು, ಮಣಿಕಟ್ಟು, ಮಂಡಿ, ಯಾವುದೂ ಆ ಗಳಿಗೆಯಲ್ಲಿ ಇರಲಿಲ್ಲ. “ಬಂತು ಯಜಮಾನ್ರೆ! ನೋಡಿದ್ರಾ? ನನಗೂ ಬಂತು!” ಅಂತ ಕೂಗಿದೆ. ಬೆನ್ನಿನ ಮೇಲಿನ ಆ ಎರಡು ಕೈ ಅಲುಗಲಿಲ್ಲ. ಹೊಗಳುವುದು ಅವರಿಗೆ ಎಂದೂ ಗೊತ್ತಿರಲಿಲ್ಲ.

ಬುನಬೊಕೊದ ಅಂಗಳಕ್ಕೆ ಗಾಡಿ ನುಗ್ಗಿಸಿದಾಗ ಬಾಗಿಲಲ್ಲಿ ನಂಬೋಜೊ ಅವ್ವ ನಿಂತಿದ್ದಳು, ಮುದುಕರು ಹೇಳಿದ ಹಾಗೆಯೇ. ಒಳಗಿನಿಂದ ಕಳಲೆಯ ವಾಸನೆ ನಿಜವಾಗಿಯೂ ಬರುತ್ತಿತ್ತು. ಗಂಡ ಕೂತುಕೊಂಡು ಬರುವುದನ್ನು ನೋಡಿ ಅವಳು ಎರಡೂ ಕೈ ಎತ್ತಿ, “ಬಂದ್ಯಾ? ಬಂದ್ಬಿಟ್ಟೆಯಾ?” ಅಂದಳು.

ಎಂಜಿನ್ ಆರಿಸಿದೆ. “ಬಂತು ಮನೆ. ಇಳೀರಿ ಯಜಮಾನ್ರೆ,” ಅಂದೆ, ಹಿಂದೆ ತಿರುಗದೆ.

ಶಾಕ್ ಮೇಲೇಳಲಿಲ್ಲ. ಯಾರೂ ಇಳಿಯುತ್ತಿಲ್ಲ. ಎಂಜಿನ್ ಆರಿದ ಮೇಲೆ ಕೇಳಿಸಬೇಕಾಗಿದ್ದ ಆ ಗರಗರ ಉಸಿರು ಕೇಳಿಸುತ್ತಿಲ್ಲ. ಒಂದು ಉಸಿರು ಮಾತ್ರ ಕೇಳಿಸುತ್ತಿದೆ, ಅದು ಬಿಕ್ಕುತ್ತಿದೆ. ನನ್ನ ಕೈ ಹ್ಯಾಂಡಲಿನ ಮೇಲೆಯೇ ಉಳಿಯಿತು.

“ಯಾವಾಗ?” ಅಂದೆ ಮೆಲ್ಲಗೆ, ಅವ್ವನಿಗೆ ಕೇಳಿಸದ ಹಾಗೆ.

“ಸೇತುವೆ ಮೇಲೆ,” ಅಂದಳು ನಫುನಾ.

ಸೇತುವೆ! ಹಾಗಾದರೆ ಆಮೇಲಿನದೆಲ್ಲ? ಕಮರಿಯ ತಿರುವುಗಳು, ಕುಸಿದ ಗುಡ್ಡ, ಆ ಕೆಸರು? ಹೆಣ ಕೂರಿಸಿಕೊಂಡು ನಾನು ಆ ಗೆರೆ ದಾಟಿದ್ದೆ. “ನನ್ನನ್ನ ಕೊಂದೇ ಹಾಕ್ತಿದ್ಯಲ್ಲೇ, ಪಾಪಿ! ನಿನಗೇನು ಹೇಳಿದ್ದೆ ನಾನು? ಸತ್ತೋರು ವಾಲಲ್ಲ ಅಂತ ಹೇಳಿರ್ಲಿಲ್ವಾ?” ಅಂತ ಪಿಸುದನಿಯಲ್ಲೇ ಬೈದೆ.

“ನೀನು ಹೇಳಿದ್ದೆ ಅಣ್ಣ. ಅದಕ್ಕೇ ನಾನೇ ವಾಲಿಸ್ದೆ.”

ಕಾಲಿನಿಂದ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಬಿಟ್ಟೆ.

“ಚಿಕ್ಕೋಳಿದ್ದಾಗಿಂದ ಅಪ್ಪನ ಬೆನ್ನಿಗೆ ಅಂಟ್ಕೊಂಡೇ ಸಂತೆಗೆ ಬಂದೋಳು ನಾನು,” ಅಂದಳು ಅವಳು, ಹಲ್ಲು ಕಚ್ಚಿಕೊಂಡು ಅಳುತ್ತಾ. “ಅವನು ಹೇಗೆ ವಾಲ್ತಾನೆ ಅಂತ ನಿನಗಿಂತ ನನಗೆ ಗೊತ್ತು. ನಾರಿನಲ್ಲಿ ಕಟ್ಬೇಡ ಅಂದಿದ್ದ. ನಾನು ತೋಳಿನಲ್ಲೇ ಕಟ್ಟಿದೆ. ಈಗ ಬಿಚ್ಚಕ್ಕಾಗ್ತಿಲ್ಲ. ಬಿಚ್ಚಣ್ಣ.”

ತಿರುಗಿ ನೋಡಿದೆ. ಅವಳ ಎರಡೂ ತೋಳು ಅವರ ಎದೆಯ ಸುತ್ತ ಹೆಣೆದುಕೊಂಡು ಮರಗಟ್ಟಿಹೋಗಿದ್ದವು. ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ. ಅವಳು ನನ್ನ ಜಾಕೆಟ್ಟಿನೊಳಗಿಂದ ಅವರ ಕೈಗಳನ್ನು ಹೊರಗೆಳೆದಳು. ಎಳೆದ ಜಾಗದಲ್ಲಿ ಗಾಳಿ ಹೊಕ್ಕು ಬೆನ್ನು ತಣ್ಣಗಾಯಿತು. ಬೈಗುಳವೆಲ್ಲ ಎಲ್ಲಿ ಹೋಯಿತೋ. ಅವಳ ಈರುಳ್ಳಿ ವಾಸನೆಯ ತಲೆಯ ಮೇಲೆ ಕೈಯಿಟ್ಟು ನಿಂತೆ.

ಅಷ್ಟರಲ್ಲಿ ನಂಬೋಜೊ ಅವ್ವ ಹತ್ತಿರ ಬಂದಿದ್ದಳು. ಗಂಡನ ಕೆನ್ನೆ ಮುಟ್ಟಿದಳು. ಮುಟ್ಟಿದ ಕೈ ಅಲ್ಲೇ ನಿಂತಿತು. ಮಗಳನ್ನು ಕೇಳಲಿಲ್ಲ. ನನ್ನ ಕಡೆ ತಿರುಗಿದಳು.

“ಹೇಗೆ ಬಂದ ಮಗಾ? ಹೊರೆಯಾಗಿ ಬಂದ್ನಾ?”

ನಫುನಾ ಉಸಿರು ಬಿಗಿಹಿಡಿದು ನನ್ನನ್ನು ನೋಡಿದಳು. ಸ್ಟೇಜು, ಕಟ್ಟಳೆ, ಆ ಕಮರಿಗೆ ಬಿಟ್ಟ ಹಗ್ಗ, ಎಲ್ಲ ಒಟ್ಟಿಗೆ ತಲೆಗೆ ಬಂತು. ಆದರೆ ನನ್ನ ಸೊಂಟಕ್ಕೆ ಗೊತ್ತಿದ್ದುದು ಒಂದೇ.

“ಇಲ್ಲ ಅವ್ವ. ಪ್ಯಾಸೆಂಜರಾಗೇ ಬಂದ್ರು. ಕೊನೇ ತಿರುವಿನಲ್ಲೂ ನನಗಿಂತ ಮೊದ್ಲು ವಾಲಿದ್ರು.”

ಅವ್ವ ತಲೆಯಾಡಿಸಿದಳು. “ಅವನ ಬುದ್ಧಿನೇ ಅದು,” ಅಂದಳು, ಆಮೇಲೆ ನೆಲಕ್ಕೆ ಕುಸಿದು ಅತ್ತಳು.

ಅವರನ್ನು ಒಳಗೆ ಮಲಗಿಸಿ, ಕೊಟ್ಟ ಮಲೆವಾವನ್ನು ಎರಡು ತುತ್ತು ನುಂಗಿ ಹೊರಟೆ. ಗಾಡಿಯಲ್ಲಿ ಯಾರೂ ಇರಲಿಲ್ಲ. ಖಾಲಿ ಗಾಡಿ ಕಲ್ಲು ಸಿಕ್ಕಲ್ಲೆಲ್ಲ ಕುಪ್ಪಳಿಸುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಇಳಿಜಾರಿನಲ್ಲಿ ಎಂಜಿನ್ ಆರಿಸಿದೆ. ಪ್ರತಿ ತಿರುವಿಗೂ ಸೊಂಟ ಆ ಒತ್ತಿಗಾಗಿ ಕಾಯಿತು, ಕಾದು ತಡವಾಗಿ ವಾಲಿದೆ. ಕುಸಿದ ಜಾಗದಲ್ಲಿ ಇಳಿದು ನೂಕಿಕೊಂಡೇ ದಾಟಿದೆ.

ಸ್ಟೇಜಿಗೆ ಬಂದಾಗ ಮಡಂಡಾ ಒಬ್ಬನೇ ಉಳಿದಿದ್ದ. ನನ್ನ ಗಾಡಿಯ ಹಿಂದೆ ಬಾಳೆನಾರು ಇದೆಯೇ ಅಂತ ಅವನ ಕಣ್ಣು ಹುಡುಕಿತು. ಇರಲಿಲ್ಲ.

“ಮುಟ್ಟಿಸಿದ್ಯಾ? ಏನಾಗಿ ಹೋದ್ರು?”

“ಪ್ಯಾಸೆಂಜರು,” ಅಂದೆ.

ಮರುದಿನ ಬೆಳಿಗ್ಗೆ ಗಾಡಿಯನ್ನು ಹೊಳೆಗೆ ಒಯ್ದು ತೊಳೆದೆ. ಸೀಟು, ಚಕ್ರದ ಕಡ್ಡಿ, ಶಾಕ್, ಎಲ್ಲ. ಮನೆಯ ಮೂಲೆಯಲ್ಲಿ ನಿಲ್ಲಿಸಿ ಮೇಲೆ ಗೋಣಿ ಹೊದಿಸಿದೆ. ಅಮಾವಾಸ್ಯೆ ಇನ್ನೂ ದೂರವಿದೆ. ಮಡಂಡಾ ವಿಚಾರಿಸಲು ಬಂದ. ಬೆನ್ನು ನೋವು ಕಣೋ, ಸ್ವಲ್ಪ ದಿನ ಬರಲ್ಲ ಅಂದೆ.

“ಹೇಳಿರ್ಲಿಲ್ವಾ ನಾನು, ಸವೆದಿದೀಯ ಅಂತ,” ಅಂದ ಅವನು.

ಸುಳ್ಳೇನೂ ಹೇಳಲಿಲ್ಲ ನಾನು. ಆ ಎರಡು ಕೈ ಇದ್ದ ಜಾಗದಲ್ಲಿ ಇನ್ನೂ ನೋಯುತ್ತದೆ.